ಮೂರು ಮಕ್ಕಳು, ಮೂರು ತೊಂದರೆ: ಊರು ಬಿಡಬೇಕಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ಕೊಪ್ಪಳ ತಾಲೂಕಿನ ಒಂದು ಹಳ್ಳಿ. ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ಬೆಳಗ್ಗೆ ಎದ್ದು ನೋಡಿದರೆ ಮಾಳಿಗೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ ಕರಿ ಬೂದಿ ಬಿದ್ದಿರುತ್ತದೆ. ನನಗೆ ಮೂವರು ಮಕ್ಕಳು. ದೊಡ್ಡವಳಿಗೆ ಒಂಬತ್ತು ವರ್ಷ. ಹಲ್ಲಿನ ಮೇಲೆ ಕಂದು ಕಲೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಾಲ್ಕು ವರ್ಷದ ಮಗನಿಗೆ ತಿಂಗಳಿಗೆ ಎರಡು ಸಲ ಕೆಮ್ಮು, ದಮ್ಮು. ಹೆಣ್ಣುಕೂಸಿಗೆ ನಾಲ್ಕು ತಿಂಗಳು. ಈ ಬಿಸಿಲಿಗೆ ಗಂಟಲು ಒಣಗುತ್ತದೆ ಅಂತ ಅತ್ತೆಯವರು ನೀರು ಕುಡಿಸುತ್ತಾರೆ. ಹೋದ ವಾರ ಭೇದಿ ಆಗಿತ್ತು. ಒಬ್ಬರು ಕಾರ್ಖಾನೆ ಹೊಗೆ ಅನ್ನುತ್ತಾರೆ, ಒಬ್ಬರು ಹವಾಮಾನ ಬದಲಾವಣೆ ಅನ್ನುತ್ತಾರೆ, ಇನ್ನೊಬ್ಬರು ನಿನ್ನ ಆರೈಕೆಯೇ ಸರಿಯಿಲ್ಲ ಅನ್ನುತ್ತಾರೆ. ಯಾವುದು ನಿಜ? ನಾವು ಊರು ಬಿಟ್ಟು ಹೋಗಬೇಕಾ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನಗೆ ಬಹಳ ನೋವು ಕೊಟ್ಟದ್ದು ಆ ಮೂರನೆಯವರ ಮಾತು. ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಇದು ನಿಮ್ಮ ಆರೈಕೆಯ ತಪ್ಪಿನಿಂದ ಬಂದದ್ದಲ್ಲ. ಊರಿನ ಗಾಳಿಯನ್ನು ನೀವು ಆರಿಸಿ ತಂದಿಲ್ಲ. ಬೋರಿನ ನೀರಿನಲ್ಲಿ ಏನಿದೆ ಅಂತ ಯಾರ ಕಣ್ಣಿಗೂ ಕಾಣುವುದಿಲ್ಲ. ಸಂಡೂರು, ಹೊಸಪೇಟೆ, ಕೊಪ್ಪಳ ಅಂತ ಮೂವತ್ತು ವರ್ಷದಿಂದ ಈ ಭಾಗದ ಮಕ್ಕಳನ್ನೇ ನೋಡುತ್ತಿದ್ದೇನೆ. ಮಗುವಿಗೆ ಏನೇ ಆದರೂ ತಾಯಿಯನ್ನು ಬೈಯುವುದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಉಳಿದದ್ದು ಹೊಗೆ ಮತ್ತು ಹವಾಮಾನ. ಎರಡೂ ನಿಜ. ಆದರೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ, ಕಾಲ ಕೆಟ್ಟಿದೆ ಅಂತ ಸುಮ್ನೆ ಕೂತರೆ ಏನೂ ಮಾಡಲು ಬರುವುದಿಲ್ಲ. ನಿಮ್ಮ ಮೂರು ಮಕ್ಕಳ ತೊಂದರೆ ಮೂರು ದಾರಿಯಿಂದ ಬಂದಿದೆ. ದೊಡ್ಡವಳದು ಬೋರಿನ ನೀರಿನಿಂದ. ಮಗನದು ಗಾಳಿಯಿಂದ. ಕೂಸಿನದು ಬಿಸಿಲಿಗೆ ಹೆದರಿ ಕುಡಿಸಿದ ನೀರಿನಿಂದ. ನೀರು ಕಾಯಿಸಿದರೆ ಭೇದಿ ತಪ್ಪುತ್ತದೆ, ಹಲ್ಲಿನ ಕಲೆ ತಪ್ಪುವುದಿಲ್ಲ. ಫಿಲ್ಟರ್ ನೀರು ತಂದರೆ ಹಲ್ಲು ಉಳಿಯುತ್ತದೆ, ದಮ್ಮು ನಿಲ್ಲುವುದಿಲ್ಲ. ಅದಕ್ಕೇ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ಹಾಗಾದರೆ ಹವಾಮಾನ ಬದಲಾವಣೆ ಎಲ್ಲಿ ಬಂತು ಅಂತೀರಾ? ಅದು ಈ ಮೂರನ್ನೂ ಹಿಂದಿನಿಂದ ದಬ್ಬುತ್ತದೆ. 1901ರಿಂದ 2018ರ ಹೊತ್ತಿಗೆ ನಮ್ಮ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಕೇಳಲು ಸಣ್ಣ ಅಂಕಿ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಬೇಸಿಗೆ ಮೊದಲೇ 40 ಡಿಗ್ರಿ ದಾಟುವಂಥದ್ದು. ಅದರ ಮೇಲೆ ಏರುವ ಒಂದೊಂದು ಡಿಗ್ರಿಯನ್ನೂ ಎಳೆ ಮೈ ತಡೆಯಬೇಕು. ಮಳೆಯ ಲೆಕ್ಕವೂ ತಪ್ಪಿದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆಯಿತು. ಮರುವರ್ಷ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯ ತುಂಬಿ ನಿಂತಾಗಲೇ 19ನೇ ಕ್ರಸ್ಟ್ ಗೇಟಿನ ಚೈನು ಹರಿದು ಗೇಟೇ ಕೊಚ್ಚಿಹೋಯಿತು. ಆ ನೀರು ಹರಿದುಹೋಗುವುದನ್ನು ನೋಡಿ ಅತ್ತವರಿದ್ದಾರೆ. ಬರ ಬಂದರೆ ಬೋರು ಇನ್ನೂ ಆಳಕ್ಕೆ ಇಳಿಯುತ್ತದೆ. ನೆರೆ ಬಂದರೆ ಚರಂಡಿ ನೀರು, ಕುಡಿಯುವ ನೀರು ಒಂದಾಗುತ್ತವೆ. ಎರಡರಲ್ಲೂ ಮೊದಲು ಮಲಗುವುದು ಮಕ್ಕಳು.

ಯಾಕೆ ಮಕ್ಕಳೇ ಮೊದಲು? ಮಗುವಿನ ತೂಕಕ್ಕೆ ಹೋಲಿಸಿದರೆ ಅದು ಕುಡಿಯುವ ನೀರು, ಎಳೆಯುವ ಉಸಿರು ನಮಗಿಂತ ಬಹಳ ಜಾಸ್ತಿ. ನಾವು ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತೇವೆ. ಆಗ ತಾನೇ ಹುಟ್ಟಿದ ಕೂಸು 40ರಿಂದ 60 ಸಲ. ಅದೇ ಗಾಳಿ, ಅದೇ ನೀರು, ಆದರೆ ಮಗುವಿನ ಮೈಗೆ ಸೇರುವ ವಿಷದ ಪಾಲು ದೊಡ್ಡದು. ಮೇಲಾಗಿ ಅದರ ಶ್ವಾಸಕೋಶ, ಹಲ್ಲು, ಮೂಳೆ, ಮಿದುಳು ಇನ್ನೂ ಕಟ್ಟುತ್ತಿರುತ್ತವೆ. ಮನೆ ಕಟ್ಟುವಾಗ ತಳಪಾಯಕ್ಕೆ ಉಪ್ಪುನೀರು ಬಿದ್ದರೆ ಹೇಗೋ ಹಾಗೆ.

ಮೊದಲು ಕೂಸು, ಯಾಕೆಂದರೆ ಅದಕ್ಕೆ ಇವತ್ತೇ ಮಾಡಬೇಕಾದದ್ದಿದೆ. ನೀರು ನಿಲ್ಲಿಸಿ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಮೇ ತಿಂಗಳ ಬಿಸಿಲಿನಲ್ಲೂ ಬೇಡ. ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಹೊರಗೆ ನೆಲ ಕಾದ ಹಂಚಿನಂತಾಗಿರುವಾಗ ಕೂಸಿಗೆ ಒಂದು ಹನಿ ನೀರು ಬೇಡವಾ ಅಂತ ಯಾರಿಗಾದರೂ ಅನಿಸುತ್ತದೆ. ಅವರಿಗೆ ಇಷ್ಟು ಹೇಳಿ: ಎದೆಹಾಲಿನಲ್ಲಿ ನೂರಕ್ಕೆ 88 ಭಾಗ ನೀರೇ ಇದೆ. ಕೂಸು ಬಾಯಾರಿದಾಗ ಹೆಚ್ಚು ಸಲ ಹಾಲು ಕೇಳುತ್ತದೆ, ಅಷ್ಟು ಸಾಕು. ದಿನಕ್ಕೆ ಆರು ಸಲವೋ ಅದಕ್ಕಿಂತ ಹೆಚ್ಚೋ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ. ನೀರು ಕುಡಿಯಬೇಕಾದವರು ನೀವು. ಪಕ್ಕದಲ್ಲೊಂದು ತಂಬಿಗೆ ಇಟ್ಟುಕೊಂಡೇ ಹಾಲು ಕುಡಿಸಲು ಕೂತುಕೊಳ್ಳಿ. ಅತ್ತೆಯವರನ್ನು ಎದುರು ಹಾಕಿಕೊಳ್ಳಬೇಡಿ. ಆ ನೀರನ್ನು ನನಗೆ ಕೊಡಿ ಅತ್ತೆ, ಹಾಲಾಗಿ ಅವಳಿಗೇ ಹೋಗುತ್ತದೆ ಅನ್ನಿ. ನನ್ನ ಕೋಣೆಯಲ್ಲಿ ಎಷ್ಟೋ ಅಜ್ಜಿಯರು ಈ ಮಾತಿಗೆ ಒಪ್ಪಿದ್ದಾರೆ.

ಬೇಸಿಗೆಯ ನೀರು ಎಂಥದ್ದು ಅಂತ ನಮ್ಮ ಭಾಗಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು. ದೊಡ್ಡವರ ಗತಿಯೇ ಹೀಗಾದರೆ ನಾಲ್ಕು ತಿಂಗಳ ಕೂಸಿನ ಕರುಳು ಏನು ತಡೆದೀತು? ಮತ್ತೆ ಭೇದಿ ಆದರೆ ಹಾಲು ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಪುಕ್ಕಟೆ ಸಿಗುತ್ತವೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜಿನ ಮೇಲೆ ಮಾಡಿದರೆ ಉಪ್ಪು ಜಾಸ್ತಿಯಾಗಿ ಕೂಸಿಗೆ ಅಪಾಯ. ಜಿಂಕ್ ಆರು ತಿಂಗಳ ಒಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲಿನವರಿಗೆ 20. ಭೇದಿ ಎರಡೇ ದಿನಕ್ಕೆ ನಿಂತರೂ 14 ದಿನ ಕೊಡಬೇಕು. ಕಣ್ಣು ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ, ಆರೆಂಟು ತಾಸು ಉಚ್ಚೆ ಹೊಯ್ಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಬಾಣಂತಿ ಕೋಣೆ ಅಂತ ಕಿಟಕಿ ಮುಚ್ಚಿ, ಕೆಂಡದ ಮೇಲೆ ಲೋಬಾನ ಹಾಕಿ, ಕೂಸಿಗೆ ಕುಲಾಯಿ ಕಟ್ಟಿ, ಮೇಲೊಂದು ಕೌದಿ ಹೊದಿಸುವ ರೂಢಿ ನಮ್ಮಲ್ಲಿದೆ. ಅದು ಚಳಿಗಾಲದ ರೂಢಿ. ಏಪ್ರಿಲ್‌ನಲ್ಲಿ ಮೈ ಸುಡುತ್ತದೆ ಅಂತ ಎತ್ತಿಕೊಂಡು ಬಂದ ಕೂಸುಗಳ ಬಟ್ಟೆ ಬಿಚ್ಚಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಹಾಲು ಕುಡಿಸಿದ ಅರ್ಧ ತಾಸಿನಲ್ಲಿ ಜ್ವರ ಇಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೇಸಿಗೆಯಲ್ಲಿ ಒಂದು ತೆಳು ಹತ್ತಿ ಅಂಗಿ ಸಾಕು. ಹೊಗೆಯಂತೂ ಯಾವ ಕಾಲಕ್ಕೂ ಬೇಡ.

ಈಗ ದೊಡ್ಡವಳ ಹಲ್ಲು. ಒಮ್ಮೆ ದಂತ ವೈದ್ಯರಿಗೆ ತೋರಿಸಿ. ಆದರೆ ನೀವು ಬರೆದದ್ದು ಓದಿದರೆ ಅದು ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಅನ್ನುವ ಅಂಶ ಜಾಸ್ತಿಯಾಗಿ ಬರುವ ತೊಂದರೆ. ನಮ್ಮ ನೆಲದ ಕೆಳಗಿರುವುದು ಹಳೆಯ ಗ್ರಾನೈಟ್ ಕಲ್ಲು. ಆ ಕಲ್ಲಿನಲ್ಲಿ ಫ್ಲೋರೈಡ್ ಇದೆ. ಮೇಲಿನ ನೀರು ಬತ್ತಿ ಬೋರು ಆಳಕ್ಕೆ ಇಳಿದಷ್ಟೂ ಬಹಳ ಕಾಲ ಕಲ್ಲಿನೊಳಗೆ ನಿಂತ ನೀರು ಸಿಗುತ್ತದೆ, ಅದರಲ್ಲಿ ಫ್ಲೋರೈಡ್ ಜಾಸ್ತಿ ಕರಗಿರುತ್ತದೆ. ಬರಕ್ಕೂ ಹಲ್ಲಿನ ಕಲೆಗೂ ಇರುವ ನಂಟು ಇದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಅದರ ಮೇಲೆ ಹೋದರೆ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಕಲೆ. ವರ್ಷಗಟ್ಟಲೆ ಬಹಳ ಜಾಸ್ತಿ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇದು ಹೊಸ ಸುದ್ದಿಯಲ್ಲ.

ಈ ಕಲೆ ಹಲ್ಲಿನ ಮೇಲೆ ಹತ್ತಿದ ಕೊಳೆಯಲ್ಲ, ಹಲ್ಲಿನೊಳಗೇ ಕೂತದ್ದು. ಅವಳನ್ನು ಗದರಿಸಿ ತಿಕ್ಕಿಸಬೇಡಿ. ಅವಳ ಮುಂದಿನ ಹಲ್ಲುಗಳು ಕಟ್ಟಿದ್ದು ಅವಳು ಎರಡು, ಮೂರು ವರ್ಷದವಳಿದ್ದಾಗ. ಅಂದರೆ ಇವತ್ತು ಕಾಣುವ ಕಲೆ ಆರೇಳು ವರ್ಷದ ಹಿಂದೆ ಕುಡಿದ ನೀರಿನದು. ಕೂಸಿನ ವಿಷಯ ಯೋಚಿಸಿ. ಬಾಯಲ್ಲಿ ಇನ್ನೂ ಒಂದೂ ಹಲ್ಲು ಮೂಡಿಲ್ಲ. ಆದರೆ ಮುಂದೆ ಏಳೆಂಟು ವರ್ಷಕ್ಕೆ ಬರುವ ಶಾಶ್ವತ ಹಲ್ಲುಗಳು ಈಗಲೇ ಒಸಡಿನ ಒಳಗೆ ಕಟ್ಟಲು ಶುರುವಾಗಿವೆ. ಅಕ್ಕನಿಗೆ ತಪ್ಪಿಸಲಾಗದ್ದನ್ನು ತಂಗಿಗೆ ತಪ್ಪಿಸಬಹುದು. ಇಲ್ಲೂ ಎದೆಹಾಲೇ ಕೈ ಹಿಡಿಯುತ್ತದೆ. ತಾಯಿ ಫ್ಲೋರೈಡ್ ಇರುವ ನೀರು ಕುಡಿದರೂ ಎದೆಹಾಲಿಗೆ ಬರುವುದು ಬಹಳ ಕಡಿಮೆ.

ಆರು ತಿಂಗಳ ಮೇಲೆ ರಾಗಿ ಗಂಜಿ, ಅನ್ನ, ಬೇಳೆ ಶುರು ಮಾಡುತ್ತೀರಿ ಅಲ್ವಾ? ಅಲ್ಲೇ ಎಲ್ಲರೂ ಎಡವುತ್ತಾರೆ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತರುತ್ತಾರೆ, ಕುಡಿಯಲು ಮಾತ್ರ ಬಳಸುತ್ತಾರೆ. ಅಡಿಗೆಗೆ, ಚಹಾಕ್ಕೆ ಬೋರಿನ ನೀರು. ಅನ್ನ, ಬೇಳೆ ಬೆಂದಾಗ ನೀರಿನ ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ, ಅನ್ನದಲ್ಲೇ ಉಳಿಯುತ್ತದೆ. ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿ ಮಕ್ಕಳ ಅಡಿಗೆಗೂ ಘಟಕದ ನೀರೇ ಇರಲಿ, ಅಥವಾ ಹೊಳೆ ನೀರಿನ ನಲ್ಲಿ ಬಂದಿದ್ದರೆ ಅದು. ಮನೆಯಲ್ಲಿ ಎಲ್ಲರಿಗೂ ತರಲು ಆಗದಿದ್ದರೆ ಎಂಟು ವರ್ಷದೊಳಗಿನವರಿಗೆ ಮೊದಲ ಪಾಲು. ಹಾಲು, ಎಳ್ಳು, ನುಗ್ಗೆಸೊಪ್ಪು ತಿನ್ನಿಸಿ. ಸುಣ್ಣದಂಶ ಸಾಕಷ್ಟು ಇರುವ ಮೈ ಫ್ಲೋರೈಡನ್ನು ಕಡಿಮೆ ಹೀರುತ್ತದೆ.

ನಿಮ್ಮ ಊರಿನ ನೀರಿನಲ್ಲಿ ಎಷ್ಟಿದೆ ಅಂತ ತಿಳಿಯುವುದು ನಿಮ್ಮ ಹಕ್ಕು. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಜಿಲ್ಲೆಯಲ್ಲಿ ಪ್ರಯೋಗಾಲಯ ಇರುತ್ತದೆ. ಪಿಡಿಒ ಅವರ ಹತ್ತಿರ ಹೋಗಿ ನಮ್ಮ ಬೋರಿನ ವರದಿ ಕೊಡಿ ಅನ್ನಿ. ಘಟಕದ ನೀರಿನದೂ ಕೇಳಿ. ಯಂತ್ರದ ಒಳಗಿನ ಫಿಲ್ಟರ್ ಬದಲಿಸದೆ ಬಿಟ್ಟರೆ ನಾಣ್ಯ ಹಾಕಿ ಕೊಂಡ ನೀರೂ ಬೋರಿನ ನೀರಿನಂತೆಯೇ. ಇದನ್ನು ಓದುವ ಲಿಂಗಸುಗೂರು, ಹಟ್ಟಿ ಕಡೆಯವರು ಆರ್ಸೆನಿಕ್ ಅನ್ನುವ ವಿಷದ ಪರೀಕ್ಷೆಯನ್ನೂ ಕೇಳಬೇಕು. ಚಿನ್ನದ ಗಣಿಗಳಿರುವ ಆ ನೆಲದ ಕಲ್ಲಿನಲ್ಲಿ ಅದೂ ಇದೆ.

ಮಗನ ವಿಷಯಕ್ಕೆ ಬರುತ್ತೇನೆ. ಮಾಳಿಗೆ ಮೇಲೆ ಕಾಣುವ ಕರಿ ಬೂದಿ ದಪ್ಪ ಕಣ. ಅದು ಮೂಗು, ಗಂಟಲಲ್ಲೇ ಬಹುಪಾಲು ನಿಲ್ಲುತ್ತದೆ. ನನಗೆ ಹೆಚ್ಚು ಚಿಂತೆ ಅದರ ಜೊತೆ ಬರುವ, ಕಣ್ಣಿಗೆ ಕಾಣದ ಸಣ್ಣ ಧೂಳಿನದು. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟು ಸಣ್ಣದು. ಅದನ್ನೇ ಪಿಎಂ 2.5 ಅನ್ನುತ್ತಾರೆ. ಶ್ವಾಸಕೋಶದ ತೀರ ಒಳಗಿನ ಗುಳ್ಳೆಗಳವರೆಗೆ ಹೋಗುತ್ತದೆ, ರಕ್ತಕ್ಕೂ ಸೇರುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಅದು ವರ್ಷದ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ಹಾಗಾಗಿ ಗಾಳಿ ಮಿತಿಯೊಳಗಿದೆ ಅಂತ ಯಾರಾದರೂ ವರದಿ ತೋರಿಸಿದರೆ, ಯಾವ ಮಿತಿ ಅಂತ ಕೇಳಿ. ನಾಲ್ಕು ವರ್ಷದ ಮಗನ ಎದೆಗೆ ಅದು ಎಂಟು ಪಟ್ಟು ಸಡಿಲವಾದ ಮಿತಿ.

ನೀವು ಹೇಳುವ ದಮ್ಮು ಬಹುಶಃ ಆಸ್ತಮಾದ ಶುರು. ಎದೆಯಲ್ಲಿ ಸುಂಯ್ ಅನ್ನುತ್ತದೆಯಾ, ರಾತ್ರಿ ಕೆಮ್ಮು ಜಾಸ್ತಿಯಾ, ಓಡಿದರೆ ಕೆಮ್ಮು ಬರುತ್ತದೆಯಾ ಅಂತ ನೋಡಿ ಮಕ್ಕಳ ಡಾಕ್ಟರಿಗೆ ಹೇಳಿ. ಆಸ್ತಮಾ ಅಂತ ಅವರು ಹೇಳಿದರೆ ಇನ್ಹೇಲರಿಗೆ ಹೆದರಬೇಡಿ. ಪಂಪ್ ಹಚ್ಚಿದರೆ ಚಟ ಹತ್ತುತ್ತದೆ ಅನ್ನುವ ಮಾತು ಎಷ್ಟು ಮಕ್ಕಳಿಗೆ ತೊಂದರೆ ಕೊಟ್ಟಿದೆಯೋ! ಪಂಪಿನ ಔಷಧಿ ಸ್ವಲ್ಪವೇ, ನೇರ ಎದೆಗೆ ಹೋಗುತ್ತದೆ. ಬಾಯಿಗೆ ಹಾಕುವ ಔಷಧಿ ಇಡೀ ಮೈಯೆಲ್ಲ ಸುತ್ತುತ್ತದೆ. ಸಣ್ಣ ಮಕ್ಕಳಿಗೆ ಸ್ಪೇಸರ್ ಅನ್ನುವ ಕೊಳವೆ, ಮಾಸ್ಕ್ ಹಚ್ಚಿ ಕೊಡಬೇಕು, ಇಲ್ಲದಿದ್ದರೆ ಔಷಧಿ ನಾಲಿಗೆ ಮೇಲೇ ಉಳಿಯುತ್ತದೆ. ಈ ವಯಸ್ಸಿಗೆ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಸಬೇಡಿ. ಪ್ರತಿ ಕೆಮ್ಮಿಗೂ ಆ್ಯಂಟಿಬಯಾಟಿಕ್ ಬೇಡ.

ಯಾವಾಗ ಓಡಿ ಬರಬೇಕು? ಮಗು ಶಾಂತವಾಗಿದ್ದಾಗ ಹೊಟ್ಟೆ ಏಳುವುದನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ನಿಮ್ಮ ಮಗನ ವಯಸ್ಸಿಗೆ 40 ಮುಟ್ಟಿದರೆ, ಕೂಸಿಗೆ 50 ಮುಟ್ಟಿದರೆ, ಅಥವಾ ಉಸಿರೆಳೆದಾಗ ಪಕ್ಕೆ ಒಳಗೆ ಗುಂಡಿ ಬಿದ್ದರೆ ನ್ಯುಮೋನಿಯಾ ಇರಬಹುದು. ಆಗ ತಡ ಮಾಡಬೇಡಿ.

ಕಾರ್ಖಾನೆ ಹೊಗೆಯನ್ನು ನೀವು ಒಬ್ಬರೇ ನಿಲ್ಲಿಸಲಾರಿರಿ. ಆದರೆ ಮಗನ ಎದೆಗೆ ಹೋಗುವ ಹೊಗೆಯಲ್ಲಿ ಮನೆಯದೂ ಒಂದು ಪಾಲು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಒಲೆ ಮುಂದೆ ಅವನು ಕೂರದಿರಲಿ. ಮನೆಯೊಳಗಿನ ಒಲೆ ಹೊಗೆ ಸಣ್ಣ ಮಕ್ಕಳ ನ್ಯುಮೋನಿಯಾ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಸಿಲಿಂಡರ್ ಇದ್ದೂ ದುಡ್ಡು ಉಳಿಸಲು ಕಟ್ಟಿಗೆ ಉರಿಸುವವರು ಬಹಳ. ನೀರು ಕಾಯಿಸುವ ಒಲೆಯನ್ನಾದರೂ ಹೊರಗೆ ಇಡಿ. ಸೊಳ್ಳೆ ಕಾಯಿಲ್ ಬೇಡವೇ ಬೇಡ. ಒಂದು ಕಾಯಿಲ್ ಬಿಡುವ ಸಣ್ಣ ಧೂಳು 75ಕ್ಕೂ ಹೆಚ್ಚು ಸಿಗರೇಟಿನಷ್ಟು ಅಂತ ಅಳೆದು ನೋಡಿದವರಿದ್ದಾರೆ. ಸೊಳ್ಳೆಪರದೆ ಕಟ್ಟಿ. ಒಣ ಕಸಬರಿಗೆಯಿಂದ ಗುಡಿಸಿದರೆ ಬೂದಿ ಮತ್ತೆ ಗಾಳಿಗೆ ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಚಳಿಗಾಲದ ಬೆಳಗಿನ ಜಾವ ಹೊಗೆ ಮೇಲೆ ಏರದೆ ನೆಲದ ಹತ್ತಿರವೇ ನಿಲ್ಲುತ್ತದೆ. ನವೆಂಬರಿನಿಂದ ಜನವರಿವರೆಗೆ ಬಿಸಿಲು ಬಲಿತ ಮೇಲೆ ಅವನನ್ನು ಆಟಕ್ಕೆ ಬಿಡಿ.

ಬಿಸಿಲಿಗೆ ಮನೆಯೇ ಔಷಧಿ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆ ತಂಪಾಗಿತ್ತು. ಈಗ ತಗಡಿನ ಶೀಟು, ಸಿಮೆಂಟು. ನಿಮ್ಮದು ಮಾಳಿಗೆ ಅಂತ ಬರೆದಿದ್ದೀರಿ, ಅದನ್ನು ಕೆಡವಬೇಡಿ. ಶೀಟಿನ ಮನೆಯವರು ಮಾರ್ಚ್‌ನಲ್ಲೇ ಮೇಲೆ ದಪ್ಪಗೆ ಬಿಳಿ ಸುಣ್ಣ ಬಳಿಯಲಿ, ಒಳಗಿನ ಕಾವು ಇಳಿಯುವುದು ಕೈಗೆ ಗೊತ್ತಾಗುತ್ತದೆ. ಮಗು ಬಿಸಿಲಿನಲ್ಲಿ ಮಂಕಾದರೆ, ಮೈ ಸುಟ್ಟು ಮಾತು ತಪ್ಪಿದರೆ, ಮೊದಲು ನೆರಳಿಗೆ ತಂದು ಮೈಯೆಲ್ಲ ನೀರು ಹಾಕಿ ಗಾಳಿ ಬೀಸಿ, ಆಮೇಲೆ ಆಸ್ಪತ್ರೆಯ ದಾರಿ. ಒದ್ದೆ ಮಾಡದೆ ಬರೀ ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಬಡಿಯುತ್ತದೆ. ಬಸುರಿಯರಿಗೂ ಬಿಸಿಲು ಕೆಟ್ಟದ್ದು, ದಿನ ತುಂಬುವ ಮುಂಚೆ ಹೆರಿಗೆ ಆಗುವ ಅಪಾಯ ಹೆಚ್ಚುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಬಸುರಿಗೆ ಅದಕ್ಕಿಂತ ಮುಂಚೆಯೇ ಮನೆ ಸೇರುವ ಅವಕಾಶ ಇರಬೇಕು ಅಂತ ನಾನು ಕೇಳುತ್ತಲೇ ಇದ್ದೇನೆ.

ನೀರು ವಾರಕ್ಕೊಮ್ಮೆ ಬರುತ್ತದೆ ಅಂತ ಡ್ರಮ್ಮಿನಲ್ಲಿ ತುಂಬಿಡುತ್ತೀರಲ್ಲ, ಅದಕ್ಕೆ ಮುಚ್ಚಳ ಇರಲಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ. ಹೊಲಕ್ಕೆ ಕೀಟನಾಶಕದ ಎಣ್ಣೆ ಹೊಡೆಯುವ ದಿನ ಮಕ್ಕಳನ್ನು ಒಯ್ಯಬೇಡಿ. ಕೀಟನಾಶಕ ಹೊಡೆದ ಅಂಗಿಯಲ್ಲೇ ಅಪ್ಪ ಮಗುವನ್ನು ಎತ್ತಿಕೊಳ್ಳುವುದೂ ಬೇಡ.

ಇನ್ನು ಊರಿನ ಕೆಲಸ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಾನು ಆ ಭಾಗದಲ್ಲೇ ಇದ್ದೆ. ಲಾರಿಗಳ ಸಾಲು ನಿಂತಿತು. ಗಣಿಯ ಧೂಳಿಗೆ ಕೆಂಪಾಗಿದ್ದ ಹುಣಸೆ ಮರಗಳು ಒಂದು ಮಳೆಗೆ ಹಸಿರಾದವು. ಕೆಮ್ಮಿಗೆ ಬರುವ ಮಕ್ಕಳು ಕಡಿಮೆಯಾದಂತೆ ಕಂಡಿತು. ಆದರೆ ಎಷ್ಟು ಕಡಿಮೆ ಅಂತ ನಾನು ಬರೆದಿಡಲಿಲ್ಲ. ಆ ಕೊರಗು ಇವತ್ತಿಗೂ ಇದೆ. ಬರೆದಿಟ್ಟವರೂ ಇದ್ದಾರೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಶಾಲಾ ಮಕ್ಕಳ ಶ್ವಾಸಕೋಶವನ್ನು ವರ್ಷ ವರ್ಷವೂ ಅಳೆದರು. ಗಾಳಿ ಕೆಟ್ಟ ಊರುಗಳಲ್ಲಿ ಶ್ವಾಸಕೋಶ ಪೂರ್ತಿ ಬೆಳೆಯಲಿಲ್ಲ. ಮುಂದೆ ಗಾಳಿ ಶುದ್ಧವಾದಾಗ ಅದೇ ಊರುಗಳ ಮುಂದಿನ ಮಕ್ಕಳ ಶ್ವಾಸಕೋಶ ಚೆನ್ನಾಗಿ ಬೆಳೆಯಿತು. ಅಲ್ಲಿ ಮಕ್ಕಳನ್ನು ಊರು ಬಿಡಿಸಲಿಲ್ಲ, ಹೊಗೆಯನ್ನು ಕಡಿಮೆ ಮಾಡಿದರು.

2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಗವಿಮಠದ ಸ್ವಾಮೀಜಿಯವರ ಜೊತೆ ಬೀದಿಗಿಳಿದು, ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಅಂದದ್ದು ನೆನಪಿದೆಯಲ್ಲ? ಆ ದನಿಗೆ ಬಲ ಬರಬೇಕಾದರೆ ನಿಮ್ಮಂಥ ತಾಯಂದಿರ ಲೆಕ್ಕ ಬೇಕು. ಮಗಳ ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಹೊಗೆ ಜಾಸ್ತಿ ಬಂದ ದಿನ, ಹೊತ್ತು ಬರೆಯಿರಿ. ಮಗನಿಗೆ ಕೆಮ್ಮು ಬಂದ ದಿನ, ಆಸ್ಪತ್ರೆಗೆ ಆದ ಖರ್ಚು ಬರೆಯಿರಿ. ಓಣಿಯ ಹತ್ತು ಮನೆಯವರು ಬರೆದರೆ ಅದನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಚಿಮಣಿಯ ಧೂಳು ಹಿಡಿಯುವ ಯಂತ್ರಗಳಿವೆ. ಅವನ್ನು ಹಗಲು ರಾತ್ರಿ ಚಾಲೂ ಇಡಿಸುವುದು ಮಂಡಳಿಯ ಕೆಲಸ.

ಹಾಗಾದರೆ ಊರು ಬಿಡಬೇಕಾ? ಗುಳೆ ಹೋದವರ ಮಕ್ಕಳನ್ನೂ ನಾನು ನೋಡುತ್ತೇನೆ. ಬೆಂಗಳೂರಿನಲ್ಲಿ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಅದೇ ಧೂಳು, ಅದೇ ಕಾವು. ಮೇಲೆ ಅಂಗನವಾಡಿ ತಪ್ಪುತ್ತದೆ, ಲಸಿಕೆ ತಪ್ಪುತ್ತದೆ, ದೊಡ್ಡವಳ ಶಾಲೆ ತಪ್ಪುತ್ತದೆ. ಹೊಲ, ಮನೆ, ನೆರೆಹೊರೆ ಬಿಟ್ಟು ಈಗಲೇ ಹೊರಡಿ ಅಂತ ನಾನು ಹೇಳುವುದಿಲ್ಲ. ಮೊದಲು ಮಗನಿಗೆ ಡಾಕ್ಟರು ಹೇಳಿದ ಔಷಧಿಯನ್ನು ಮೂರು ತಿಂಗಳು ತಪ್ಪದೆ ಕೊಡಿ. ಈ ಚಳಿಗಾಲ, ನಿಮ್ಮ ತವರೂರು ಕಾರ್ಖಾನೆಗಳಿಂದ ದೂರ ಇದ್ದರೆ, ಅವನನ್ನು ಅಲ್ಲಿ ಒಂದು ತಿಂಗಳು ಇಟ್ಟು ನೋಡಿ, ಔಷಧಿ ಮಾತ್ರ ನಿಲ್ಲಿಸಬೇಡಿ. ಅಲ್ಲಿ ರಾತ್ರಿ ಕೆಮ್ಮದೆ ಮಲಗಿದ ದಿನಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ಪುಟ ತೆಗೆದುಕೊಂಡು ಬನ್ನಿ, ಮುಂದಿನದನ್ನು ಕೂತು ಮಾತಾಡೋಣ.